ಹಗೇವು, ವಿಷಾನಿಲ ಮತ್ತು ಓಝೋನ್ ಪದರ: ಗುಂಡ್ಲುಪೇಟೆ ಸೀಮೆಯ ದಾಸ್ತಾನಿನ ಇತಿಹಾಸ

ಮೈಸೂರು, ಮಂಡ್ಯ, ಚಾಮರಾಜನಗರಗಳ ರಾಗಿಯ ಸೀಮೆಯಲ್ಲಿ, ಅಂದರೆ ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಂಥ ಹಳ್ಳಿಗಳೂ ಸೇರಿದ ಬಯಲಿನಲ್ಲಿ, ಕಾಳು ಕಾಪಾಡುವ ಹಳೆಯ ಸಾಧನವೆಂದರೆ ಹಗೇವು. ನೀರು ನಿಲ್ಲದ ಗಟ್ಟಿ ನೆಲವನ್ನು ಆಯ್ದು, ಬಾಯಿ ಕಿರಿದಾಗಿ ಒಡಲು ಅಗಲವಾಗಿ ಇರುವಂತೆ ತೋಡಿದ ಈ ಗುಳಿಗೆ ರಾಗಿ ತುಂಬಿ, ಮೇಲೆ ಹುಲ್ಲು ಹೊದಿಸಿ, ಚಪ್ಪಡಿ ಮುಚ್ಚಿ, ಸಂದಿಗಳಿಗೆ ಮಣ್ಣು ಮೆತ್ತಿದರೆ ಧಾನ್ಯ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಹುಳುವಿಗೆ ಹೊಕ್ಕು ಬೆಳೆಯಲು ಎಡೆಗೊಡದಷ್ಟು ರಾಗಿಕಾಳು ಸಣ್ಣದಾಗಿರುವುದು ಇದಕ್ಕೆ ಒಂದು ಕಾರಣವಾದರೆ, ಮುಚ್ಚಿದ ಗುಳಿಯೊಳಗಿನ ಗಾಳಿಯೇ ಬದಲಾಗುತ್ತಿದ್ದುದು ಇನ್ನೊಂದು: ಕಾಳೂ ಕೀಟಗಳೂ ಉಸಿರಾಡಿ ಆಮ್ಲಜನಕ ತೀರುತ್ತ ಬಂದು, ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು, ಕೊನೆಗೆ ಕೀಟ ಬದುಕಲಾಗದ ಸ್ಥಿತಿ ಉಂಟಾಗುತ್ತಿತ್ತು. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಇಳಿಯಬಾರದು, ದೀಪ ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಇಳಿಯಬೇಕು ಎಂಬ ರೂಢಿ ಹುಟ್ಟಿದ್ದು ಈ ಕಾರಣದಿಂದಲೇ. ಇಂದು ಹೊಸ ತಂತ್ರಜ್ಞಾನವೆಂದು ಮಾರಾಟವಾಗುವ ಗಾಳಿಯಾಡದ ಧಾನ್ಯದ ಚೀಲಗಳಲ್ಲಿರುವುದು ಇದೇ ತತ್ತ್ವ.

ಮನೆಯ ರಾಗಿಗೆ ಒಪ್ಪುತ್ತಿದ್ದ ಈ ವ್ಯವಸ್ಥೆ ಮಾರುಕಟ್ಟೆಯ ಸರಕಿಗೆ ಒಗ್ಗಲಿಲ್ಲ. ಅರಿಶಿನದಂಥ ಬೆಳೆ ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿಸಿಕೊಂಡು ಮೂಟೆಗಳಲ್ಲಿ ಈರೋಡಿನಂಥ ಪೇಟೆಗೆ ಹೋಗುವಂಥದ್ದು; ಬೆಲೆಗಾಗಿ ಕಾದು ಇಟ್ಟರೆ ಒಣಕೊಂಬಿಗೆ ಕೊರೆಯುವ ದುಂಬಿ ಬೀಳುತ್ತದೆ. 1957ರಲ್ಲಿ ಕೇಂದ್ರ ಉಗ್ರಾಣ ನಿಗಮವೂ 1965ರಲ್ಲಿ ಭಾರತೀಯ ಆಹಾರ ನಿಗಮವೂ ಸ್ಥಾಪನೆಯಾಗಿ ದೊಡ್ಡ ಗೋದಾಮುಗಳು ಬೆಳೆದಂತೆ, ಮೂಟೆಗಳ ರಾಶಿಗೆ ದಪ್ಪ ಹಾಳೆ ಹೊದಿಸಿ ಒಳಗೆ ವಿಷಾನಿಲ ಬಿಡುವ ವಿಧಾನ, ಎಂದರೆ ಧೂಮೀಕರಣ, ಬಳಕೆಗೆ ಬಂದಿತು. ಗುಂಡ್ಲುಪೇಟೆಗೆ ಹತ್ತಿರದ ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು ದಾಸ್ತಾನಿನ ಕೀಟಗಳ ಹತೋಟಿಯನ್ನು ತನ್ನ ಮುಖ್ಯ ಅಧ್ಯಯನಗಳಲ್ಲಿ ಒಂದಾಗಿ ಬೆಳೆಸಿತು.

ಈ ಕೆಲಸಕ್ಕೆ ಬಳಕೆಯಾದ ಅನಿಲಗಳಲ್ಲಿ ಎರಡು ಮುಖ್ಯ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವದೊಡನೆ ವರ್ತಿಸಿ ಹೊರಬಿಡುವ ಫಾಸ್ಫೀನ್ ಅಗ್ಗವಾದರೂ ಅದು ಕೆಲಸ ಮುಗಿಸಲು ಹಲವು ದಿನ ಬೇಕು. ಮೀಥೈಲ್ ಬ್ರೋಮೈಡ್ ಸುಮಾರು ಒಂದು ದಿನದಲ್ಲೇ ಮುಗಿಸುತ್ತದೆ. ಬಣ್ಣವಿಲ್ಲದ, ಬಹುಮಟ್ಟಿಗೆ ವಾಸನೆಯೂ ಇಲ್ಲದ ಈ ಅನಿಲದ ಕೀಟನಾಶಕ ಗುಣ 1932ರಲ್ಲಿ ಫ್ರಾನ್ಸಿನಲ್ಲಿ ಪ್ರಕಟವಾಯಿತು. ಹಾಳೆ ತೆಗೆದ ಮೇಲೆ ಗಾಳಿಗೆ ಸೇರುವ ಅನಿಲದ ಒಂದು ಪಾಲು ವಾಯುಮಂಡಲದ ಮೇಲ್‌ಸ್ತರವನ್ನು ಮುಟ್ಟಿ, ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುವ ಓಝೋನ್ ಪದರವನ್ನು ಒಡೆಯುತ್ತದೆ ಎಂಬುದು ತಿಳಿದದ್ದು ಬಹಳ ತಡವಾಗಿ; ಅದರಲ್ಲಿರುವ ಬ್ರೋಮಿನ್ ಈ ವಿಷಯದಲ್ಲಿ ಕ್ಲೋರಿನ್‌ಗಿಂತ ಹತ್ತಾರು ಪಟ್ಟು ಪ್ರಬಲ. ಹೀಗಾಗಿ ಓಝೋನ್ ಪದರ ಉಳಿಸಲು ದೇಶಗಳು ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಇಲ್ಲದಿದ್ದ ಈ ಕೀಟನಾಶಕ 1992ರ ಕೋಪನ್‌ಹೇಗನ್ ತಿದ್ದುಪಡಿಯಲ್ಲಿ ನಿಯಂತ್ರಿತ ವಸ್ತುಗಳ ಪಟ್ಟಿಗೆ ಸೇರಿತು. 1997ರ ತೀರ್ಮಾನದಂತೆ ಮುಂದುವರಿದ ದೇಶಗಳಿಗೆ 2005, ಅಭಿವೃದ್ಧಿಶೀಲ ದೇಶಗಳಿಗೆ 2015 ಇದರ ಬಳಕೆ ನಿಲ್ಲಿಸುವ ಕೊನೆಯ ಗಡುವಾಯಿತು.

ಭಾರತದಲ್ಲಿ ಈ ಒಂದೇ ವಸ್ತು ಎರಡು ಕಾನೂನುಗಳ ಕೈಗೆ ಬಿದ್ದುದು ಕುತೂಹಲಕರ. 1958ರಲ್ಲಿ, ಹಡಗಿನಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕದೊಡನೆ ಬಂದ ಹಿಟ್ಟು ವಿಷವಾಗಿ, ಗುಂಡ್ಲುಪೇಟೆಯ ನೆರೆಯ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತ ದುರಂತವು ಮುಂದೆ 1968ರ ಕೀಟನಾಶಕ ಕಾಯ್ದೆಗೆ ದಾರಿಮಾಡಿತು. ಕೃಷಿ ಸಚಿವಾಲಯದ ಈ ಕಾಯ್ದೆ ಕಾಣುವುದು ನೆಲದ ಮೇಲಿನ ಅಪಾಯವನ್ನು: ಮೀಥೈಲ್ ಬ್ರೋಮೈಡನ್ನು ಸರ್ಕಾರಿ ಸಂಸ್ಥೆಗಳು ಅಥವಾ ಕೀಟ ನಿಯಂತ್ರಕರು ಪರಿಣತರ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸಬೇಕೆಂದು ಅದು ನಿರ್ಬಂಧಿಸಿತು. ಆಕಾಶದ ಲೆಕ್ಕ ಪರಿಸರ ಸಚಿವಾಲಯದ್ದು. ಭಾರತ 1992ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿ, 2000ದಲ್ಲಿ ಓಝೋನ್ ನಾಶಕ ವಸ್ತುಗಳ ನಿಯಮಗಳನ್ನು ಹೊರಡಿಸಿ, 2003ರಲ್ಲಿ ಕೋಪನ್‌ಹೇಗನ್ ತಿದ್ದುಪಡಿಯನ್ನು ಅನುಮೋದಿಸಿತು.

ಆದರೆ ಮಾಂಟ್ರಿಯಲ್ ಒಪ್ಪಂದವೇ ಒಂದು ಬಾಗಿಲನ್ನು ತೆರೆದಿಟ್ಟಿದೆ. ಸಸ್ಯ ಸಂಪರ್ಕನಿಷೇಧಕ್ಕಾಗಿ, ಅಂದರೆ ಒಂದು ದೇಶದ ಕೀಟ ಮತ್ತೊಂದಕ್ಕೆ ದಾಟದಂತೆ ತಡೆಯಲು, ಹಾಗೂ ರಫ್ತಿಗೆ ಮುಂಚಿನ ಶುದ್ಧೀಕರಣಕ್ಕೆ ಬಳಸುವ ಮೀಥೈಲ್ ಬ್ರೋಮೈಡ್ ಗಡುವಿನ ಲೆಕ್ಕಕ್ಕೆ ಸೇರುವುದಿಲ್ಲ. ಬಂದರಿನಲ್ಲಿ ಕಾಯುವ ಹಡಗಿಗೆ ಒಂದು ದಿನಕ್ಕೂ ಒಂದು ವಾರಕ್ಕೂ ಇರುವ ವ್ಯತ್ಯಾಸವೇ ಈ ವಿನಾಯಿತಿಯ ನಿಜವಾದ ಬಲ. ಇದರಿಂದಾಗಿ ಹಳ್ಳಿಯ ಗೋದಾಮಿನಲ್ಲಿ ಬಿಡಲಾಗದ ಅನಿಲವನ್ನು, ಅದೇ ಹಳ್ಳಿಯ ಅರಿಶಿನ ಪರದೇಶಕ್ಕೆ ಹೊರಟಾಗ, ಆಮದು ದೇಶದ ನಿಯಮ ಕೇಳಿದರೆ ಕಾನೂನುಬದ್ಧವಾಗಿಯೇ ಬಿಡಬಹುದು. ಭಾರತವೂ ಇಂಥದ್ದನ್ನೇ ಕೇಳಿದೆ: ಆಮದಾಗುವ ಬೇಳೆಕಾಳುಗಳಿಗೆ ಹೊರಡುವ ದೇಶದಲ್ಲೇ ಈ ಅನಿಲದ ಧೂಮೀಕರಣ ಆಗಿರಬೇಕೆಂಬ ಷರತ್ತು ಹಾಕಿತು; ಆದರೆ ಚಳಿಯಲ್ಲಿ ಈ ಅನಿಲ ಸರಿಯಾಗಿ ಕೆಲಸ ಮಾಡುವುದಿಲ್ಲ, ಓಝೋನ್ ರಕ್ಷಣೆಗಾಗಿ ಬಳಕೆಯನ್ನೂ ತಗ್ಗಿಸಬೇಕಾಗಿದೆ ಎಂದು ಕೆನಡಾ ವಾದಿಸಿದ ಮೇಲೆ, 2004ರಿಂದ ಹಲವು ವರ್ಷ ಆ ದೇಶಕ್ಕೆ ತಾತ್ಕಾಲಿಕ ರಿಯಾಯಿತಿಗಳನ್ನು ವಿಸ್ತರಿಸುತ್ತ ಬಂದಿತು.

ಒಳನಾಡಿನ ದಾಸ್ತಾನಿನಲ್ಲಿ ಫಾಸ್ಫೀನ್ ಮುಖ್ಯ ಆಸರೆಯಾಗಿ ಉಳಿದಿದೆ. ಅದು ಓಝೋನಿಗೆ ಅಪಾಯಕಾರಿಯಲ್ಲ. ಆದರೆ ಉಸಿರಾಡಿದರೆ ಮನುಷ್ಯನಿಗೆ ಮಾರಕ; ಜೊತೆಗೆ, ಹಾಳೆ ಸರಿಯಾಗಿ ಮುಚ್ಚದೆ ಅರೆಬರೆ ಧೂಮೀಕರಣ ಮಾಡಿದಲ್ಲೆಲ್ಲ ಬದುಕುಳಿದ ದುಂಬಿಗಳು ಅದಕ್ಕೆ ಬಗ್ಗದ ಸಂತತಿಯನ್ನು ಬೆಳೆಸುತ್ತವೆ. ಕೀಟನಾಶಕ ಕಾಯ್ದೆ ಈ ಮಾತ್ರೆಗೂ ಪರಿಣತರ ಮೇಲ್ವಿಚಾರಣೆಯ ನಿರ್ಬಂಧವನ್ನೇ ವಿಧಿಸಿದೆ. ಆ ಪರಿಣತರು ಹೆಚ್ಚಾಗಿ ಸಿಗುವುದು ಬಂದರುಗಳಲ್ಲಿ ಮತ್ತು ದೊಡ್ಡ ಉಗ್ರಾಣಗಳಲ್ಲಿ.