ಮಲೆನಾಡಿನ ಕಪಿಗಳು: ಪರಿಸರ, ವಂಶಗುಣ, ರೋಗ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಚರಿತ್ರೆಯನ್ನು ಬರೆಯುವವರು ಇಕ್ಕೇರಿ, ಬಿದನೂರುಗಳ ಅರಸರಿಂದ ಆರಂಭಿಸುವುದು ವಾಡಿಕೆ. ಆ ಅರಸರಿಗಿಂತ ಬಹು ಹಿಂದಿನಿಂದ ಈ ನೆಲದಲ್ಲಿ ಬಾಳಿಬಂದಿರುವ ಕಪಿಗಳಿಗೂ ಒಂದು ಚರಿತ್ರೆಯುಂಟು. ಅದಕ್ಕೆ ಶಾಸನಗಳ ಆಧಾರವಿಲ್ಲ. ಅವುಗಳ ಹಲ್ಲು, ಹೊಟ್ಟೆ, ರಕ್ತಗಳೇ ಆಧಾರ.

ಈ ಸೀಮೆಯಲ್ಲಿ ಮೂರು ಜಾತಿಯ ಕಪಿಗಳಿವೆ. ಕಪ್ಪು ಮೋರೆಯ, ಉದ್ದ ಬಾಲದ ಮುಸುವ ಒಂದು; ನಡುನೆತ್ತಿಯಲ್ಲಿ ಬೈತಲೆ ತೆಗೆದಂತೆ ಕೂದಲಿರುವ ಮಂಗ ಇನ್ನೊಂದು; ಶರಾವತಿ ಕಣಿವೆಯ ದಟ್ಟ ಕಾಡಿನಲ್ಲಿರುವ ಸಿಂಗಳೀಕ ಮೂರನೆಯದು. ಮೂರೂ ಒಂದೇ ಮಳೆಯಲ್ಲಿ ನೆನೆಯುವ ಪ್ರಾಣಿಗಳಾದರೂ ಪ್ರಕೃತಿಯೊಡನೆ ಅವು ಮಾಡಿಕೊಂಡಿರುವ ಒಪ್ಪಂದಗಳು ಬೇರೆಬೇರೆ.

ಮುಸುವನ ಉದಾಹರಣೆ ಎಲ್ಲಕ್ಕಿಂತ ಬೋಧಪ್ರದವಾದುದು. ಅದರ ಮುಖ್ಯ ಆಹಾರ ಎಲೆ. ಎಲೆಯ ನಾರನ್ನು ಯಾವ ಕಪಿಯೂ ತಾನಾಗಿ ಅರಗಿಸಿಕೊಳ್ಳಲಾರದು. ಆದುದರಿಂದ ಮುಸುವನ ಜಠರವು ದನದ ಜಠರದಂತೆ ಹಲವು ಕೋಣೆಗಳಾಗಿ ಹಿಗ್ಗಿದೆ. ಅಲ್ಲಿ ನೆಲಸಿರುವ ಸೂಕ್ಷ್ಮಜೀವಿಗಳು ಎಲೆಯನ್ನು ಹುಳಿಯಿಸಿ ಕೊಡುತ್ತವೆ. ಅನಂತರ ಆ ಸೂಕ್ಷ್ಮಜೀವಿಗಳನ್ನೇ ಒಡೆದು ಜೀರ್ಣಿಸಬೇಕು. ಈ ಕೆಲಸಕ್ಕೆ ಒದಗುವುದು ಲೈಸೋಜೈಮ್ ಎಂಬ ಕಿಣ್ವ. ಕಣ್ಣೀರಿನಲ್ಲಿಯೂ ಎಂಜಲಿನಲ್ಲಿಯೂ ಇರುವ ಈ ರಕ್ಷಕ ವಸ್ತುವು ಮುಸುವನಲ್ಲಿ ಜಠರದ ಆಮ್ಲವನ್ನು ತಾಳಿಕೊಳ್ಳುವಂತೆ ಮಾರ್ಪಟ್ಟಿದೆ. ೧೯೮೭ರಲ್ಲಿ ಸ್ಟೀವರ್ಟ್, ಷಿಲ್ಲಿಂಗ್, ವಿಲ್ಸನ್ ಎಂಬವರು ಮುಸುವನ ಲೈಸೋಜೈಮನ್ನು ದನದ ಲೈಸೋಜೈಮಿನೊಡನೆ ಹೋಲಿಸಿ, ರಕ್ತಸಂಬಂಧದಲ್ಲಿ ಅಷ್ಟು ದೂರವಾದ ಎರಡು ಪ್ರಾಣಿಗಳಲ್ಲಿ ಅವೇ ಸ್ಥಾನಗಳಲ್ಲಿ ಅವೇ ಬದಲಾವಣೆಗಳು ಸ್ವತಂತ್ರವಾಗಿ ನಡೆದಿರುವುದನ್ನು ತೋರಿಸಿದರು. ಕೊಟ್ಟಿಗೆಯ ಹಸುವಿಗೂ ಬೆಟ್ಟದ ಮುಸುವನಿಗೂ ಇರುವ ಈ ಸಾಮ್ಯ ಪೂರ್ವಜರಿಂದ ಬಂದುದಲ್ಲ, ಆಹಾರದಿಂದ ಬಂದುದು. ಆನುವಂಶಿಕ ಹೊಂದಾಣಿಕೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಮಂಗನ ದಾರಿಯೇ ಬೇರೆ. ಅದಕ್ಕೆ ಇಂಥ ಜಠರವಿಲ್ಲ, ಕೆನ್ನೆಯೊಳಗೆ ಚೀಲಗಳಿವೆ. ಹಣ್ಣು, ಕಾಳು, ಹುಳು, ಬಾಳೆ, ಅಡಕೆ, ದೇವಸ್ಥಾನದ ಕಾಯಿಚೂರು, ಸಿಕ್ಕಿದುದನ್ನೆಲ್ಲ ತುಂಬಿಕೊಂಡು ಓಡಿ, ನಿರ್ಭಯವಾದ ಕಡೆ ಕುಳಿತು ತಿನ್ನುತ್ತದೆ. ‘ಈಗಿನ ಮಂಗಗಳ ಜಾತಿಯೇ ಬೇರೆಯಾಗಿದೆ’ ಎಂದು ತೋಟದ ಯಜಮಾನರು ಹೇಳುವುದುಂಟು. ಅವರ ನಷ್ಟ ನಿಜ, ಸಂಕಟವೂ ನಿಜ; ಆದರೆ ಜಾತಿ ಬದಲಾಗಿಲ್ಲ. ಯಾವುದನ್ನಾದರೂ ತಿಂದು ಎಲ್ಲಿಯಾದರೂ ಬದುಕುವ ಶಕ್ತಿ ಅದರ ವಂಶದಲ್ಲಿ ಮೊದಲೇ ಇತ್ತು. ತಾಯಿಯನ್ನು ನೋಡಿ ಮರಿ ತೋಟದ ದಾರಿಯನ್ನು ಕಲಿಯುತ್ತದೆ. ಕಲಿಕೆಯನ್ನೂ ಆನುವಂಶಿಕತೆಯನ್ನೂ ವಿದ್ಯಾರ್ಥಿಗಳು ಬೆರಸಬಾರದು.

ಸಿಂಗಳೀಕಕ್ಕೆ ಆ ಸ್ವಾತಂತ್ರ್ಯವಿಲ್ಲ. ಅದು ನಿತ್ಯಹರಿದ್ವರ್ಣದ ಕಾಡಿನ ಮೇಲ್ಚಾವಣಿಗೆ ಕಟ್ಟುಬಿದ್ದ ಪ್ರಾಣಿ, ಹೆರಿಗೆಯೂ ವಿರಳ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರಗಳ ಕಣಿವೆಗಳು ಮುಳುಗಿದಾಗ ಮಂಗನಿಗೆ ಊರು ಉಳಿಯಿತು. ಸಿಂಗಳೀಕಕ್ಕೆ ಕಾಡಷ್ಟೇ ಕಡಮೆಯಾಯಿತು.

ಇಷ್ಟು ಯುಗಗಳ ಹೊಂದಾಣಿಕೆಯೂ ನೆರವಿಗೆ ಬಾರದ ಒಂದು ಸಂದರ್ಭ ೧೯೫೭ರಲ್ಲಿ ಒದಗಿತು. ಸಾಗರಕ್ಕೆ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಪಿಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗರಿಗೆ ತೀವ್ರವಾದ ಜ್ವರ ಬಂದು ಹಲವರು ಮಡಿದರು. ಕಪಿಗಳ ಸಾವನ್ನು ಕೇಳಿ, ದಕ್ಷಿಣ ಅಮೆರಿಕದ ಹಳದಿ ಜ್ವರವೇ ಬಂದಿತೋ ಎಂಬ ಭಯವುಂಟಾಯಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಪರೀಕ್ಷಿಸಿದಾಗ, ಅದು ರಷ್ಯದ ಉಣುಗುಜ್ವರಕ್ಕೆ ಸಂಬಂಧಿಸಿದ ಹೊಸದೊಂದು ವೈರಾಣುವೆಂದು ತಿಳಿಯಿತು. ಜನ ಅದನ್ನು ಮಂಗನ ಕಾಯಿಲೆ ಎಂದರು. ಸೈಬೀರಿಯದ ವಲಸೆಹಕ್ಕಿಗಳು ಅದನ್ನು ತಂದಿರಬಹುದೆಂಬ ಊಹೆ ಕೆಲವು ಕಾಲ ಪ್ರಬಲವಾಗಿತ್ತು, ಸಾಕ್ಷ್ಯ ಒದಗಲಿಲ್ಲ.

ಆ ಹೆಸರು ಕಪಿಗಳಿಗೆ ಅನ್ಯಾಯ ಮಾಡಿದೆಯೆಂದೇ ನನ್ನ ಅಭಿಪ್ರಾಯ. ರೋಗವನ್ನು ಹರಡುವುದು ಉಣುಗು. ಅದರ ಮರಿಗಳು ಇಲಿ, ಹಕ್ಕಿ, ಕಪಿಗಳ ರಕ್ತವನ್ನು ಹೀರುತ್ತವೆ; ಬೆಳೆದ ಉಣುಗುಗಳಿಗೆ ದನವೇ ಆಸರೆ. ಕಾನು ಕಡಿದು ಬಯಲು ಮಾಡಿದಲ್ಲಿ ಪೊದೆ ಬೆಳೆಯಿತು, ಪೊದೆಗೆ ದನ ನುಗ್ಗಿತು, ದನದೊಡನೆ ಉಣುಗು ಹೆಚ್ಚಿತು. ಕಪಿ ಸತ್ತೊಡನೆ ಅದರ ಮೈಯ ಉಣುಗುಗಳು ಕೆಳಗಿಳಿದು ಆ ಸ್ಥಳವೇ ರೋಗದ ನೆಲೆಯಾಗುತ್ತದೆ. ಸೊಪ್ಪು, ದರಗು, ಸೌದೆಗಾಗಿ ಅಲ್ಲಿಗೆ ಹೋದವರಿಗೆ ಜ್ವರ ತಗಲುತ್ತದೆ. ಕಪಿಗಳಲ್ಲಿ ಹೆಚ್ಚಾಗಿ ಸತ್ತುದು, ಎಲೆ ತಿನ್ನಲು ಅಷ್ಟು ಚೆನ್ನಾಗಿ ಸಿದ್ಧವಾದ ಮುಸುವವೇ.

ಸೋಂಕು ತಗಲಿಯೂ ಬದುಕಿದ ಕಪಿಗಳ ರಕ್ತದಲ್ಲಿ ಪ್ರತಿಕಾಯಗಳು ದೊರೆತಿವೆ. ಇದನ್ನು ಕಂಡು ಕಪಿಗಳು ರೋಗಕ್ಕೆ ‘ಒಗ್ಗಿಕೊಂಡವು’ ಎನ್ನುವುದು ಆತುರದ ಮಾತು. ಆ ರಕ್ಷಣೆ ಒಂದೊಂದು ಕಪಿಯ ಬಾಳಿನ ಗಳಿಕೆ, ವಂಶದ ಆಸ್ತಿಯಲ್ಲ. ಹೆಣ್ಣು ಮುಸುವ ಮೊದಲ ಮರಿಯನ್ನು ಹೆರಲು ಮೂರು ನಾಲ್ಕು ವರ್ಷಗಳಾದರೂ ಬೇಕು; ೧೯೫೭ರಿಂದ ಈಚೆಗೆ ಕಳೆದಿರುವುದು ಇಪ್ಪತ್ತರಷ್ಟು ತಲೆಮಾರುಗಳು ಮಾತ್ರ. ಜಠರದ ಕಿಣ್ವ ತಿದ್ದಿಕೊಂಡುದು ಲಕ್ಷಾಂತರ ವರ್ಷಗಳಲ್ಲಿ.

ಹಾವಳಿ ಮಾಡುವ ಮಂಗಗಳನ್ನು ಹಿಡಿದು ದೂರದ ಕಾಡಿಗೆ ಬಿಡಬೇಕೆಂಬ ಬೇಡಿಕೆಯನ್ನು ಈ ಹಿನ್ನೆಲೆಯಲ್ಲಿ ವಿಚಾರಿಸಬೇಕು. ಹಾಗೆ ಬಿಟ್ಟ ಮಂಗ ತನ್ನ ಮೈಯ ಉಣುಗುಗಳನ್ನೂ ರಕ್ತದಲ್ಲಿರುವ ಸೋಂಕನ್ನೂ ಜೊತೆಗೆ ಒಯ್ಯಬಲ್ಲದು. ತೋಟದ ದಾರಿಯನ್ನಂತೂ ಮರೆಯುವುದಿಲ್ಲ. ರೋಗವು ಸೊರಬ, ಸಾಗರಗಳಲ್ಲಿಯೇ ನಿಲ್ಲದೆ ಹೊಸನಗರ, ತೀರ್ಥಹಳ್ಳಿಗಳಿಗೂ ಘಟ್ಟದ ಕೆಳಗಿನ ಬೆಳ್ತಂಗಡಿಗೂ ಹರಡಿತು. ೨೦೧೯ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಮತ್ತೆ ಸಾವುಗಳನ್ನು ಕಂಡಿತು. ಕಾಡಿನಲ್ಲಿ ಸತ್ತ ಕಪಿ ಕಂಡರೆ ಮುಟ್ಟದೆ ಕೂಡಲೆ ತಿಳಿಸಬೇಕೆಂದು ಈ ಹಳ್ಳಿಗಳಲ್ಲಿ ಹೇಳಲಾಗುತ್ತದೆ; ರೋಗ ಬಂದಿರುವುದನ್ನು ಮನುಷ್ಯರಿಗೆ ಮೊದಲು ತಿಳಿಸುವುದು ಅನೇಕ ವೇಳೆ ಆ ಹೆಣವೇ.