ರಕ್ತದೊತ್ತಡವೂ ಸರ್ಪಗಂಧೆಯೂ

ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯು ಮಡಿವಾಳ ಮಾಚಿದೇವರ ಜನ್ಮಸ್ಥಾನವೆಂದು ಪ್ರಸಿದ್ಧವಾಗಿದೆ. ಆ ಶರಣರ ಕಾಲವಾದ 12ನೆಯ ಶತಮಾನದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನು ರೋಗೌಷಧಗಳ ಪರಿಭಾಷೆಯಲ್ಲಿಯೇ ಅನುಭಾವವನ್ನು ನಿರೂಪಿಸಿದನು. ಮುಂದೆ ಈ ಸೀಮೆಯನ್ನಾಳಿದ ಆದಿಲಶಾಹಿಗಳ ಆಶ್ರಯದಲ್ಲಿದ್ದ ಇತಿಹಾಸಕಾರ ಫಿರಿಶ್ತನು ಭಾರತೀಯ ವೈದ್ಯವನ್ನು ಕುರಿತು ಪಾರಸಿಯಲ್ಲಿ ಗ್ರಂಥವನ್ನು ರಚಿಸಿದನು. ಇಂತಹ ಪರಂಪರೆಯುಳ್ಳ ನಾಡಿನಲ್ಲಿ, ಇಂದು ಮನೆಮಾತಾಗಿರುವ ರಕ್ತದೊತ್ತಡವನ್ನು ಪ್ರಾಚೀನರು ಅರಿತಿದ್ದರೇ ಎಂಬ ಪ್ರಶ್ನೆಯು ಏಳುವುದು ಸಹಜವು.

ಕೆಲವರು ಇದನ್ನು ರಕ್ತಪಿತ್ತವೆಂದೂ, ಕೆಲವರು ರಕ್ತಗತವಾತವೆಂದೂ ಹೇಳುವುದುಂಟು. ಆದರೆ ರಕ್ತಪಿತ್ತವು ಮೂಗು, ಬಾಯಿ ಮೊದಲಾದ ದ್ವಾರಗಳಿಂದ ನೆತ್ತರು ಸುರಿಯುವ ರೋಗವು. ರಕ್ತದೊತ್ತಡವಾದರೋ ಬಹುಕಾಲ ಯಾವ ಲಕ್ಷಣವನ್ನೂ ತೋರದೆ ಅಡಗಿರತಕ್ಕುದು. ಶಾರ್ಙ್ಗಧರಸಂಹಿತೆಯು ನಾಡೀಪರೀಕ್ಷೆಯನ್ನು ವಿವರಿಸುತ್ತದೆ, ನಿಜ. ಆದರೆ ನಾಡಿಯ ಗತಿಯನ್ನರಿಯುವುದು ಬೇರೆ, ಒತ್ತಡವನ್ನಳೆಯುವುದು ಬೇರೆ. ತೋಳಿಗೆ ಪಟ್ಟಿಯನ್ನು ಸುತ್ತಿ ಅಳೆಯುವ ಕ್ರಮವು 1896ರಲ್ಲಿ ರೀವಾ-ರೋಚ್ಚಿಯಿಂದಲೂ, ಶಬ್ದವನ್ನಾಲಿಸಿ ನಿರ್ಣಯಿಸುವ ಕ್ರಮವು 1905ರಲ್ಲಿ ಕೊರೊಟ್ಕಾಫನಿಂದಲೂ ದೊರೆಯಿತು. ಅಳತೆಯಿಲ್ಲದ ಕಾಲದಲ್ಲಿ ಈ ವ್ಯಾಧಿಗೆ ಹೆಸರಿರಲು ಅವಕಾಶವಿರಲಿಲ್ಲ.

ಹೆಸರಿಲ್ಲದಿದ್ದರೂ ಮದ್ದು ಇದ್ದಿತು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಸರ್ಪಗಂಧೆಯು ವಿಷಹರದ್ರವ್ಯಗಳ ನಡುವೆ ಬರುತ್ತದೆ. ಆ ಹೆಸರಿನ ಬೇರನ್ನು ಬಿಹಾರ, ಬಂಗಾಲಗಳ ವೈದ್ಯರು ಉನ್ಮಾದಕ್ಕೂ ನಿದ್ರಾನಾಶಕ್ಕೂ ಕೊಡುತ್ತಿದ್ದರು. ಅದು ರಕ್ತದೊತ್ತಡವನ್ನೂ ಇಳಿಸುವುದೆಂದು 1931ರಲ್ಲಿ ಗಣನಾಥ ಸೇನರೂ ಕಾರ್ತಿಕಚಂದ್ರ ಬೋಸರೂ ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲರು ತಮ್ಮ ಚಿಕಿತ್ಸಾನುಭವವನ್ನು ಇಂಗ್ಲೆಂಡಿನ ಹೃದ್ರೋಗಪತ್ರಿಕೆಯೊಂದರಲ್ಲಿ ಬರೆಯಲು, ಅದರ ಕೀರ್ತಿಯು ಜಗತ್ತಿಗೆ ಹಬ್ಬಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯವರು ಅದರ ಸಾರವಾದ ರಿಸರ್ಪಿನ್ನನ್ನು ಬೇರ್ಪಡಿಸಿದರು.

ಈ ಮದ್ದಿನ ಒಂದು ಪರೀಕ್ಷೆಯು ಪುರುಷರ ಮೇಲೆಯೇ ನಡೆದುದು ಗಮನಾರ್ಹವು. ಅಮೆರಿಕೆಯ ಮಾಜಿ ಸೈನಿಕರ ಆಸ್ಪತ್ರೆಗಳಿಂದ 1967ರಲ್ಲಿ ಪ್ರಕಟವಾದ ವರದಿಯಲ್ಲಿ, ಒತ್ತಡವು ಅತ್ಯಧಿಕವಾಗಿದ್ದ 143 ಪುರುಷರ ವೃತ್ತಾಂತವಿದೆ. 73 ಮಂದಿಗೆ ರಿಸರ್ಪಿನ್ ಸಹಿತವಾದ ಮೂರು ಮದ್ದುಗಳನ್ನೂ, 70 ಮಂದಿಗೆ ಹುಸಿಗುಳಿಗೆಗಳನ್ನೂ ಕೊಡಲಾಯಿತು. ಹುಸಿಗುಳಿಗೆಯವರಲ್ಲಿ 27 ಮಂದಿಗೆ ಘೋರೋಪದ್ರವಗಳುಂಟಾದರೆ, ಮದ್ದು ಸೇವಿಸಿದವರಲ್ಲಿ ಇಬ್ಬರಿಗೆ ಮಾತ್ರ ಉಂಟಾದುವು. ಬಳಿಕ ಹೊಸ ಮದ್ದುಗಳು ಬಂದು ರಿಸರ್ಪಿನ್ ಹಿಂದೆ ಸರಿಯಿತು. ಈಗ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ಮೊದಲಾದುವು ಪ್ರಚುರವಾಗಿವೆ.

ಆದುದರಿಂದ ಪ್ರಾಚೀನರು ಎಲ್ಲವನ್ನೂ ಬಲ್ಲವರಾಗಿದ್ದರೆಂಬುದೂ, ಏನನ್ನೂ ಅರಿಯದವರಾಗಿದ್ದರೆಂಬುದೂ ಸಾಧುವಲ್ಲ. ಶಬ್ದನಿರ್ಣಯದ ಈ ತಪ್ಪು ಗ್ರಂಥಕ್ಕಷ್ಟೇ ಸೀಮಿತವಲ್ಲ. ಇದನ್ನು ರಕ್ತಪಿತ್ತವೆಂದು ನಂಬಿದವನು ನೆತ್ತರು ಕಾಣುವವರೆಗೆ ತಾನು ನಿರೋಗಿಯೆಂದು ಭಾವಿಸಿ ಮದ್ದನ್ನು ಬಿಟ್ಟಾನು. ಪರಂಪರೆಯ ಗೌರವವು ಯಥಾರ್ಥಕಥನದಿಂದಲೇ ಉಳಿಯತಕ್ಕುದು.