ಕಲ್ನಾರು: ರೋಗ ಮತ್ತು ಪರಿಹಾರದ ಇತಿಹಾಸ

ಕಲ್ನಾರು ಅಥವಾ ಆಸ್ಬೆಸ್ಟಾಸ್ ಎಂಬುದು ನಾರಿನಂತೆ ಎಳೆ ಬಿಡುವ ಆರು ಖನಿಜಗಳ ಒಟ್ಟು ಹೆಸರು. ಬಿಳಿ, ನೀಲಿ ಮತ್ತು ಕಂದು ಕಲ್ನಾರುಗಳು ಹೆಚ್ಚಾಗಿ ಬಳಕೆಗೆ ಬಂದವು. ಇದು ಬೆಂಕಿಗೆ ಉರಿಯುವುದಿಲ್ಲ, ಸಿಮೆಂಟಿಗೆ ಬೆರೆಸಿದರೆ ತೆಳುವಾದ ಹಾಳೆಗೂ ಗಟ್ಟಿತನ ಕೊಡುತ್ತದೆ. ಆದರೆ ಇದರ ಧೂಳು ಉಸಿರಿನೊಡನೆ ಒಳಹೋದರೆ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೀಸೋಥೀಲಿಯೋಮ ಬರಬಹುದು. ಧೂಳು ಕುಡಿದ ದಿನಕ್ಕೂ ರೋಗ ಕಾಣಿಸಿಕೊಳ್ಳುವ ದಿನಕ್ಕೂ ನಡುವೆ ಹತ್ತರಿಂದ ಐವತ್ತು ವರ್ಷಗಳ ಅಂತರವಿರುತ್ತದೆ. ಅಷ್ಟರಲ್ಲಿ ಕೆಲಸ ಬಿಟ್ಟಿರುತ್ತದೆ, ಕಾರ್ಖಾನೆ ಮುಚ್ಚಿರುತ್ತದೆ, ಮೇಸ್ತ್ರಿ ಎಲ್ಲಿದ್ದಾನೋ ಗೊತ್ತಿರುವುದಿಲ್ಲ. ಕಲ್ನಾರಿಗೆ ಸಂಬಂಧಿಸಿದ ಕಾನೂನು ನೂರು ವರ್ಷಗಳಿಂದ ಹೋರಾಡುತ್ತಿರುವುದು ಈ ಅಂತರದೊಡನೆ.

ಬಳಕೆ ಹರಡಿದ ಬಗೆ

1870ರ ದಶಕದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ದೊಡ್ಡ ಪ್ರಮಾಣದ ಗಣಿಗಾರಿಕೆ ಶುರುವಾಯಿತು. ಆಸ್ಟ್ರಿಯಾದ ಲುಡ್ವಿಗ್ ಹಾಟ್ಶೆಕ್ 1900ರ ಸುಮಾರಿಗೆ ಕಲ್ನಾರು-ಸಿಮೆಂಟ್ ಹಾಳೆ ಮಾಡುವ ಯಂತ್ರವಿಧಾನವನ್ನು ರೂಪಿಸಿದ ಮೇಲೆ ಅಗ್ಗದ ಚಾವಣಿ ಲೋಕಕ್ಕೆಲ್ಲ ಹಬ್ಬಿತು. ಭಾರತದಲ್ಲಿ 1930ರ ದಶಕದಲ್ಲಿ ಮಧ್ಯಪ್ರದೇಶದ ಕೈಮೋರ್‌ನಲ್ಲಿಯೂ 1940ರ ದಶಕದಲ್ಲಿ ಹೈದರಾಬಾದಿನಲ್ಲಿಯೂ ಈ ಉದ್ಯಮ ನೆಲೆಯೂರಿತು.

ಕರ್ನಾಟಕದ ನೆಲದಲ್ಲೂ ಕಲ್ನಾರಿದೆ. ದೇಶದ ನಿಕ್ಷೇಪಗಳಲ್ಲಿ ರಾಜಸ್ಥಾನದ ನಂತರದ ಸ್ಥಾನ ನಮ್ಮದು. ಹಾಸನ ಜಿಲ್ಲೆಯ ಹೊಳೆನರಸೀಪುರದ ಶಿಲಾಪಟ್ಟಿಯಲ್ಲಿ ಇದನ್ನು ತೆಗೆಯಲಾಗುತ್ತಿತ್ತು. ಕೇಂದ್ರ ಸರ್ಕಾರ 1986ರಲ್ಲಿ ಹೊಸ ಗಣಿ ಗುತ್ತಿಗೆಗಳನ್ನು ನಿಲ್ಲಿಸಿತು, 1993ರಲ್ಲಿ ಹಳೆಯವುಗಳ ನವೀಕರಣವನ್ನೂ ನಿಲ್ಲಿಸಿತು. ಆದರೆ ಆಮದಿಗೆ ತಡೆ ಬೀಳಲಿಲ್ಲ. ಗಣಿಯಿಂದ ತೆಗೆಯಲು ಅಪಾಯಕಾರಿಯೆನಿಸಿದ ವಸ್ತು ರಷ್ಯಾ, ಕಜಕಿಸ್ತಾನ, ಬ್ರೆಜಿಲ್‌ಗಳಿಂದ ಹಡಗಿನಲ್ಲಿ ಬಂದು ಶೀಟಾಗುತ್ತಲೇ ಇದೆ. ಈ ನೀತಿಯನ್ನು ಸಮರ್ಥಿಸುವುದು ಕಷ್ಟ.

ಬೆಂಗಳೂರು ದಕ್ಷಿಣದ ಇಟ್ಟಮಡು, ಕತ್ರಿಗುಪ್ಪೆ, ಹೊಸಕೆರೆಹಳ್ಳಿಗಳಂತಹ ಹಳ್ಳಿಗಳನ್ನು ನಗರ ನುಂಗಿದಾಗ ಕಡಿಮೆ ಬಾಡಿಗೆಯ ‘ಶೀಟ್ ಮನೆ’ಗಳು, ಗ್ಯಾರೇಜುಗಳು, ತಾರಸಿಯ ಮೇಲಿನ ಒಂಟಿ ಕೋಣೆಗಳು ಇದೇ ಹಾಳೆಯನ್ನು ಹೊದ್ದವು. ಇಲ್ಲಿ ಧೂಳಿಗೆ ಮೊದಲು ಸಿಕ್ಕುವವರು ಶೀಟ್ ಕೂರಿಸುವವರು. ಅಳತೆಗೆ ತಕ್ಕಂತೆ ಕಟಿಂಗ್ ಮಷೀನಿನಿಂದ ಹಾಳೆಯನ್ನು ಕೊಯ್ದು, ಜೆ-ಹುಕ್ ಹಾಕಲು ತೂತು ಕೊರೆಯುವಾಗ ಬೂದುಬಿಳಿ ಹುಡಿ ಹುಬ್ಬಿನ ಮೇಲೆ, ಬೆವೆತ ತೋಳಿನ ಮೇಲೆ ಕೂರುತ್ತದೆ. ಕೆಲಸ ಮುಗಿದ ಮೇಲೆ ಒಣ ಪೊರಕೆಯಿಂದ ಗುಡಿಸಿದರೆ ಅದೇ ಹುಡಿ ಮತ್ತೆ ಏಳುತ್ತದೆ. ಸಂಜೆ ಆ ಅಂಗಿಯನ್ನು ಕೊಡವಿ ಒಗೆಯುವ ಹೆಂಗಸಿಗೂ ಅದರ ಪಾಲು ಸಿಗುತ್ತದೆ.

ರೋಗ ಗುರುತಿಗೆ ಬಂದ ಕಥೆ

1906ರಲ್ಲಿ ಲಂಡನ್ನಿನ ವೈದ್ಯ ಮಾಂಟೇಗ್ಯೂ ಮರ್ರಿ ಸರ್ಕಾರಿ ಸಮಿತಿಯೊಂದರ ಮುಂದೆ ತಮ್ಮ ರೋಗಿಯೊಬ್ಬನ ವಿಷಯ ಹೇಳಿದರು. ಆತ ಕಲ್ನಾರು ಹಿಂಜುವ ಕೋಣೆಯ ಕೆಲಸಗಾರ. ತಾನು ಸೇರಿದಾಗ ಅಲ್ಲಿದ್ದ ಹತ್ತು ಮಂದಿಯಲ್ಲಿ ಉಳಿದವನು ತಾನೊಬ್ಬನೇ ಎಂದು ಅವನು ಹೇಳಿದ್ದ. ಅದಕ್ಕೆ ಅವನ ಮಾತು ಬಿಟ್ಟರೆ ಬೇರೆ ಸಾಕ್ಷ್ಯವಿಲ್ಲವೆಂದು ಮರ್ರಿ ಒಪ್ಪಿಕೊಂಡರು. ಸತ್ತ ಒಂಬತ್ತು ಮಂದಿಯ ಲೆಕ್ಕ ಯಾರೂ ಇಟ್ಟಿರಲಿಲ್ಲ.

1924ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನ ನೂಲುಗಾರ್ತಿ ನೆಲ್ಲಿ ಕೆರ್ಶಾ 33ನೇ ವಯಸ್ಸಿನಲ್ಲಿ ತೀರಿಕೊಂಡರು. ಇದು ಕೆಲಸದಿಂದ ಬಂದ ರೋಗ, ಮಾಲೀಕರನ್ನೇ ಕೇಳಿ ಎಂದು ವಿಮಾ ಸಂಸ್ಥೆ ಕೈತೊಳೆದುಕೊಂಡಿತು. ಈ ರೋಗ ಪರಿಹಾರದ ಪಟ್ಟಿಯಲ್ಲೇ ಇಲ್ಲ ಎಂದು ಕಾರ್ಖಾನೆ ನಿರಾಕರಿಸಿತು. ಅವರ ಶ್ವಾಸಕೋಶವನ್ನು ಪರೀಕ್ಷಿಸಿದ ಡಾ. ಡಬ್ಲ್ಯು. ಇ. ಕುಕ್ 1927ರಲ್ಲಿ ರೋಗಕ್ಕೆ ಆಸ್ಬೆಸ್ಟೋಸಿಸ್ ಎಂಬ ಹೆಸರು ಕೊಟ್ಟರು. 1930ರ ಮೆರಿವೆದರ್ ಮತ್ತು ಪ್ರೈಸ್ ವರದಿಯ ನಂತರ 1931ರಲ್ಲಿ ಬ್ರಿಟನ್ ಧೂಳು ನಿಯಂತ್ರಣದ ನಿಯಮಗಳನ್ನು ತಂದಿತು.

ರಿಚರ್ಡ್ ಡಾಲ್ 1955ರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ನಂಟನ್ನು ತೋರಿಸಿದರು. 1960ರಲ್ಲಿ ದಕ್ಷಿಣ ಆಫ್ರಿಕಾದ ಜೆ. ಸಿ. ವ್ಯಾಗ್ನರ್ ಮತ್ತು ಸಂಗಡಿಗರು ನೀಲಿ ಕಲ್ನಾರಿನ ಪ್ರದೇಶದಲ್ಲಿ 33 ಮೀಸೋಥೀಲಿಯೋಮ ಪ್ರಕರಣಗಳನ್ನು ವರದಿ ಮಾಡಿದರು. ಅವರಲ್ಲಿ ಗಣಿಯಲ್ಲಿ ದುಡಿಯದೆ ಅಕ್ಕಪಕ್ಕದಲ್ಲಿ ಬದುಕಿದವರೂ ಇದ್ದರು. ಇಂದು ಬಿಳಿ ಕಲ್ನಾರೂ ಸೇರಿ ಎಲ್ಲ ಬಗೆಗಳನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿಟ್ಟಿದೆ. ಬ್ರಿಟನ್ 1999ರಲ್ಲಿ, ಐರೋಪ್ಯ ಒಕ್ಕೂಟ 2005ರ ಹೊತ್ತಿಗೆ, ಕೆನಡಾ 2018ರಲ್ಲಿ ಇದನ್ನು ನಿಷೇಧಿಸಿದವು.

ಆರೋಗ್ಯದ ಅಪಾಯ

ಅತಿ ಸಣ್ಣ ಎಳೆಗಳು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಹೋಗಿ ಅಲ್ಲೇ ಉಳಿಯುತ್ತವೆ. ದೇಹದ ಕಾವಲು ಕಣಗಳು ಅವನ್ನು ಕರಗಿಸಲಾರದೆ ಉರಿಯೂತ ಉಂಟುಮಾಡುತ್ತವೆ. ವರ್ಷಗಳು ಕಳೆದಂತೆ ಮೆತ್ತನೆಯ ಅಂಗಾಂಶ ಗಾಯದ ಕಲೆಯಂತೆ ಗಡಸಾಗುತ್ತದೆ. ಇದೇ ಆಸ್ಬೆಸ್ಟೋಸಿಸ್. ಮೆಟ್ಟಿಲು ಹತ್ತಿದರೆ ಏದುಸಿರು, ಒಣಕೆಮ್ಮು, ಬೆರಳ ತುದಿಗಳ ಊತ ಇದರ ಲಕ್ಷಣಗಳು. ಮೀಸೋಥೀಲಿಯೋಮ ಶ್ವಾಸಕೋಶದ ಹೊರಪೊರೆಯ ಅಥವಾ ಹೊಟ್ಟೆಯ ಒಳಪೊರೆಯ ಕ್ಯಾನ್ಸರ್. ಬೀಡಿ, ಸಿಗರೇಟು ಸೇದುವ ಕಲ್ನಾರು ಕಾರ್ಮಿಕರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಎರಡೂ ಕಾರಣಗಳಿಂದ ಹಲವು ಪಟ್ಟು ಏರುತ್ತದೆ.

ಕೆಮ್ಮು ಮತ್ತು ತೂಕ ಇಳಿಕೆಯೆಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಕ್ಷಯ. ರೋಗಿಯ ಹಳೆಯ ಕೆಲಸ ಏನೆಂದು ಕೇಳದಿದ್ದರೆ ಆಸ್ಬೆಸ್ಟೋಸಿಸ್ ಹಾಗೇ ತಪ್ಪಿಸಿಕೊಳ್ಳುತ್ತದೆ. ಎಕ್ಸ್-ರೇ, ಸಿ.ಟಿ. ಸ್ಕ್ಯಾನ್ ಮತ್ತು ಉಸಿರಿನ ಸಾಮರ್ಥ್ಯದ ಪರೀಕ್ಷೆಗಳಿಂದ ಇದನ್ನು ಪತ್ತೆ ಮಾಡಬಹುದು. ಗಡಸಾದ ಅಂಗಾಂಶ ಮತ್ತೆ ಮೆತ್ತಗಾಗುವುದಿಲ್ಲ. ಧೂಳಿನಿಂದ ದೂರವಿರುವುದು, ಹೊಗೆಸೊಪ್ಪು ಬಿಡುವುದು, ಸೋಂಕು ತಡೆಯುವ ಲಸಿಕೆ, ಬೇಕಾದಾಗ ಆಮ್ಲಜನಕ ಇವಷ್ಟೇ ಆಸರೆ.

ಒಡೆಯದೆ ಗಟ್ಟಿಯಾಗಿರುವ ಶೀಟಿನ ಕೆಳಗೆ ಬದುಕುವವರಿಗೆ ಇರುವ ಅಪಾಯ, ಅದನ್ನು ಕೊಯ್ಯುವವರ ಅಪಾಯಕ್ಕಿಂತ ಬಹಳ ಕಡಿಮೆ. ಕೊಯ್ದಾಗ, ಕೊರೆದಾಗ, ಉಜ್ಜಿದಾಗ, ಒಡೆದು ಬಿಸಾಕಿದಾಗ ನಾರು ಗಾಳಿಗೆ ಬರುತ್ತದೆ. ಹಳೆಯ ಶೀಟ್ ಇಳಿಸಬೇಕಾದರೆ ನೀರು ಚಿಮುಕಿಸಿ ಇಡಿಯಾಗಿ ಇಳಿಸಬೇಕು, ಸೂಕ್ಷ್ಮ ಕಣ ತಡೆಯುವ ಮುಖವಾಡ ಹಾಕಬೇಕು. ಮೂಗಿಗೆ ಕಟ್ಟಿದ ಟವೆಲ್ಲು ಈ ಎಳೆಗಳನ್ನು ತಡೆಯುವುದಿಲ್ಲ.

ಕಾನೂನಿನ ದಾರಿ

ಅಮೆರಿಕದಲ್ಲಿ 1973ರ ಬೋರೆಲ್ ಪ್ರಕರಣ ತಯಾರಕರನ್ನೇ ಹೊಣೆಯಾಗಿಸಿತು. ದಾವೆಗಳ ಹೊರೆಯಿಂದ ಜಾನ್ಸ್-ಮ್ಯಾನ್‌ವಿಲ್ ಕಂಪನಿ 1982ರಲ್ಲಿ ದಿವಾಳಿ ರಕ್ಷಣೆ ಕೋರಿತು. ಮುಂದೆ ಸಂತ್ರಸ್ತರಿಗಾಗಿ ಪರಿಹಾರ ನಿಧಿ ಹುಟ್ಟಿತು. ಭಾರತದ ದಾರಿ ಬೇರೆ. ಇಲ್ಲಿ ಕಾರ್ಮಿಕ ಕಾನೂನೇ ಮುಖ್ಯ ಆಸರೆ.

ಕಾರ್ಖಾನೆಗಳ ಕಾಯಿದೆ, 1948 ಆಸ್ಬೆಸ್ಟೋಸಿಸ್ಸನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಕಾರ್ಖಾನೆ ಕಾರ್ಮಿಕನಲ್ಲಿ ಇದನ್ನು ಕಂಡ ವೈದ್ಯರು ಮುಖ್ಯ ನಿರೀಕ್ಷಕರಿಗೆ ತಿಳಿಸಬೇಕಿತ್ತು. ಇಎಸ್‌ಐ ಇದ್ದವರಿಗೆ ಅದರಡಿ ಚಿಕಿತ್ಸೆ ಮತ್ತು ಅಂಗವೈಕಲ್ಯದ ಹಣ ಸಿಗುತ್ತಿತ್ತು. ಇಲ್ಲದವರಿಗೆ 1923ರ ಪರಿಹಾರ ಕಾಯಿದೆಯ ದಾರಿಯಿತ್ತು. ಆದರೆ ಆ ಕಾಯಿದೆ ಅರ್ಜಿಗೆ ಕೊಟ್ಟದ್ದು ಎರಡು ವರ್ಷ. ಕೆಲಸ ಬಿಟ್ಟವರಿಗೆ ಲಕ್ಷಣಗಳು ಎರಡು ವರ್ಷದೊಳಗೆ ಕಾಣಿಸಿಕೊಳ್ಳಬೇಕಿತ್ತು. ಮೂವತ್ತು ವರ್ಷ ಮಲಗಿರುವ ರೋಗಕ್ಕೆ ಎರಡು ವರ್ಷದ ಗಡುವು ಅನ್ಯಾಯವೇ ಸರಿ. ಸಕಾರಣವಿದ್ದರೆ ತಡವಾದ ಅರ್ಜಿಯನ್ನು ಆಯುಕ್ತರು ಸ್ವೀಕರಿಸಬಹುದೆಂಬ ಅಂಶವೊಂದೇ ಸಂದು ಉಳಿಸಿತ್ತು.

ಈ ಅಂತರವನ್ನು ನೇರವಾಗಿ ನೋಡಿದ್ದು ಸುಪ್ರೀಂ ಕೋರ್ಟ್. ಅಹಮದಾಬಾದಿನ ಕನ್ಸ್ಯೂಮರ್ ಎಜುಕೇಶನ್ ಅಂಡ್ ರಿಸರ್ಚ್ ಸೆಂಟರ್ 1986ರಲ್ಲಿ ಹೂಡಿದ ಅರ್ಜಿಗೆ 1995ರ ಜನವರಿ 27ರಂದು ತೀರ್ಪು ಬಂತು. ಕಾರ್ಮಿಕರ ಆರೋಗ್ಯವು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ನ್ಯಾಯಾಲಯ ಸಾರಿತು. ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಮುಂದಿನದೋ ಅಲ್ಲಿಯವರೆಗೆ ಇಡಬೇಕೆಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ದೃಢಪಡಿಸಿದ ರೋಗಿಗೆ 1 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. 2011ರಲ್ಲಿ ಕಲ್ಯಾಣೇಶ್ವರಿ ಪ್ರಕರಣದಲ್ಲಿ ಸಂಪೂರ್ಣ ನಿಷೇಧದ ಬೇಡಿಕೆಯನ್ನು ತಳ್ಳಿಹಾಕಿದರೂ 1995ರ ನಿರ್ದೇಶನಗಳನ್ನು ಎತ್ತಿಹಿಡಿಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಹಳೆಯ ಕಾಯಿದೆಗಳ ಜಾಗ ಹಿಡಿದಿವೆ. ಉದ್ಯೋಗರೋಗಗಳ ಪಟ್ಟಿ ಅವುಗಳಲ್ಲೂ ಮುಂದುವರಿದಿದೆ.

ಇಟ್ಟಮಡುವಿನ ಕಾರ್ಮಿಕನಿಗೆ ಇಂದು

ಬೇಕಾದ ಬಾಗಿಲುಗಳು ದೂರವಿಲ್ಲ. ಕಾರ್ಮಿಕ ಇಲಾಖೆ ಹಾಗೂ ಕಾರ್ಖಾನೆಗಳ ಇಲಾಖೆಯ ಕಚೇರಿಗಳು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿವೆ. ಎದೆರೋಗಕ್ಕೆ ಸೋಮೇಶ್ವರನಗರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ಕ್ಯಾನ್ಸರಿಗೆ ಕಿದ್ವಾಯಿ ಸ್ಮಾರಕ ಸಂಸ್ಥೆ ಇವೆ. ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವೂ ಬೆಂಗಳೂರಿನಲ್ಲಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿ ಕೈಗಾರಿಕಾ ಕಾರ್ಮಿಕರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ ವಕೀಲರ ನೆರವು ಸಿಗುತ್ತದೆ.

ಕೊರತೆ ಇರುವುದು ಕಾಗದದಲ್ಲಿ. 1995ರ ತೀರ್ಪು ದಾಖಲೆ ಇಡುವ ಹೊಣೆಯನ್ನು ಕಾರ್ಖಾನೆಗೆ ಹೊರಿಸಿತು. ದಿನಗೂಲಿಗೆ ಶೀಟ್ ಕೂರಿಸುವವನಿಗೆ ಕಾರ್ಖಾನೆಯೂ ಇಲ್ಲ, ಹಾಜರಿ ಪುಸ್ತಕವೂ ಇಲ್ಲ. ಆದ್ದರಿಂದ ಕೂಲಿ ಚೀಟಿ, ಇಎಸ್‌ಐ ಅಥವಾ ಪಿಎಫ್ ಸಂಖ್ಯೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಗುರುತಿನ ಚೀಟಿ, ಜೊತೆಗಾರರ ಹೆಸರು, ಹಳೆಯ ಎಕ್ಸ್-ರೇಗಳನ್ನು ಅವನೇ ಜೋಪಾನ ಮಾಡಬೇಕಾಗಿದೆ. ರೋಗ ಪತ್ತೆಯಾದೊಡನೆ ಕೆಲಸದ ಚರಿತ್ರೆಯನ್ನು ವೈದ್ಯರ ಚೀಟಿಯಲ್ಲಿ ಬರೆಸಿಕೊಳ್ಳುವುದು ಮುಂದಿನ ಅರ್ಜಿಗೆ ಬುನಾದಿ. ಆದರೆ ಈ ಭಾರ ಅವನ ತಲೆಯ ಮೇಲೆಯೇ ಉಳಿಯಬಾರದು. ಗಡುವಿನ ಲೆಕ್ಕ ಕೆಲಸ ಬಿಟ್ಟ ದಿನದಿಂದಲ್ಲ, ರೋಗ ದೃಢಪಟ್ಟ ದಿನದಿಂದ ಶುರುವಾಗಬೇಕು. 40 ವರ್ಷದ ದಾಖಲೆಯ ನಿಯಮ ಕಾರ್ಖಾನೆಯ ಗೇಟು ದಾಟಿ ಕಟ್ಟಡದ ಕೆಲಸಕ್ಕೂ ಬರಬೇಕು. ಅಗ್ಗದ ಬದಲಿ ಚಾವಣಿ ಕೈಗೆ ಸಿಗುವಂತೆ ಮಾಡಿ ಆಮದನ್ನೇ ನಿಲ್ಲಿಸಬೇಕು.